ನೋಷನಲ್ ಎಕ್ಸ್‌ಟೆನ್ಷನ್: ಕೆಲಸ ಗೇಟಿನಲ್ಲೇ ಶುರುವಾಗುತ್ತದಾ?

ಪಡುಬಿದ್ರಿಯಿಂದ ಬೈಕಂಪಾಡಿಯ ಕಾರ್ಖಾನೆಗೆ ರಾತ್ರಿ ಪಾಳಿಗೆ ಹೊರಟವರೊಬ್ಬರು ಸುರತ್ಕಲ್ ಹತ್ತಿರ ಹೆದ್ದಾರಿಯಲ್ಲಿ ಸ್ಕೂಟರಿನಿಂದ ಬಿದ್ದರು ಅಂದುಕೊಳ್ಳಿ. ಇನ್ನೂ ಗೇಟು ತಲುಪಿಲ್ಲ, ಹಾಜರಿ ಹಾಕಿಲ್ಲ. ಇದು ಕೆಲಸದಲ್ಲಿ ಆದ ಅಪಘಾತವೇ? ಪರಿಹಾರದ ಕೇಸುಗಳಲ್ಲಿ ಇನ್ಶೂರೆನ್ಸ್ ಕಂಪನಿಗಳು ಎತ್ತುವ ದೊಡ್ಡ ತಕರಾರು ಇದು.

ಇಲ್ಲಿ ನೆರವಿಗೆ ಬರುವ ತತ್ವವೇ ನೋಷನಲ್ ಎಕ್ಸ್‌ಟೆನ್ಷನ್. ಹೋಗಿ ಬರುವ ದಾರಿ ಮತ್ತು ಹೊತ್ತು ಕೆಲಸಕ್ಕೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಗೇಟಿನ ಹೊರಗಿನ ಅಷ್ಟು ಭಾಗವನ್ನೂ ಕೆಲಸದ ಜಾಗವೆಂದೇ ಎಣಿಸಬೇಕು ಎನ್ನುತ್ತದೆ ಅದು. ಎಷ್ಟು ದೂರದವರೆಗೆ ಅನ್ನುವುದೇ ಜಗಳ.

1958ರಲ್ಲಿ ಸೌರಾಷ್ಟ್ರದ ಉಪ್ಪಿನ ಕಂಪನಿಯ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಕೆಲಸ ಮುಗಿಸಿ ಹಿನ್ನೀರು ದಾಟುತ್ತಿದ್ದ ಕಾರ್ಮಿಕರು ದೋಣಿ ಮಗುಚಿ ಸತ್ತಿದ್ದರು. ಕೋರ್ಟು ತತ್ವವನ್ನು ಒಪ್ಪಿತು, ಆದರೆ ಅದು ಎಲ್ಲರೂ ಹತ್ತುವ ಸಾರ್ವಜನಿಕ ದೋಣಿ ಎಂದು ಪರಿಹಾರ ನಿರಾಕರಿಸಿತು. ಕಡವು ದಾಟಿ ದುಡಿಯಲು ಹೋಗುತ್ತಿದ್ದ ನಮ್ಮ ಕರಾವಳಿಯವರಿಗೆ ಈ ಮಾತು ಎಷ್ಟು ಕಠಿಣ ಅಲ್ವಾ? ಬೇರೆ ದಾರಿಯೇ ಇಲ್ಲದವರು ಆ ದೋಣಿ ಹತ್ತಿದ್ದು ಕೆಲಸಕ್ಕಾಗಿಯೇ.

2010ರಲ್ಲಿ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆಗೆ 51ಇ ಕಲಂ ಸೇರಿತು. ಮನೆಯಿಂದ ಕೆಲಸಕ್ಕೆ ಹೋಗಿ ಬರುವಾಗಿನ ಅಪಘಾತವೂ ಅದರ ಅಡಿ ಬಂತು. ಇಎಸ್‌ಐ ಇಲ್ಲದವರು ನೆಚ್ಚಿಕೊಂಡಿದ್ದ 1923ರ ಪರಿಹಾರ ಕಾಯ್ದೆಯಲ್ಲಿ ಮಾತ್ರ ಅಂಥ ಸಾಲು ಇರಲಿಲ್ಲ. ಮಹಾರಾಷ್ಟ್ರದ ಸಕ್ಕರೆ ಕಾರ್ಖಾನೆಯ ಕಾವಲುಗಾರರೊಬ್ಬರು 2003ರಲ್ಲಿ ಬೆಳಗಿನ ಜಾವ 3 ಗಂಟೆಯ ಪಾಳಿಗೆ ಹೋಗುವಾಗ, ಕಾರ್ಖಾನೆಗೆ ಸುಮಾರು 5 ಕಿಲೋಮೀಟರ್ ಇರುವಾಗ ಅಪಘಾತದಲ್ಲಿ ತೀರಿಕೊಂಡಿದ್ದರು. ಸುಪ್ರೀಂ ಕೋರ್ಟು ಅವರ ಮನೆಯವರ ಪರ ತೀರ್ಪು ಕೊಟ್ಟಿದ್ದು 2025ರ ಜುಲೈನಲ್ಲಿ. ಇಪ್ಪತ್ತೆರಡು ವರ್ಷ! ಸಣ್ಣ ಸಂಬಳದ ಮನೆಗೆ ಇಷ್ಟು ಕಾಯಿಸುವುದು ಅನ್ಯಾಯವೇ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಹೊಸ ಕಾನೂನು, ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಹಾದಿಯ ಅಪಘಾತದ ಈ ನಿಯಮ ಸ್ಪಷ್ಟವಾಗಿಯೇ ಇದೆ.

ಮಣಿಪಾಲದಲ್ಲಿ ಊಟ ತಲುಪಿಸುವ ಹುಡುಗರ ಕಥೆ ಬೇರೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ ಅವರಿಗೆ ಕಲ್ಯಾಣ ಮಂಡಳಿ ಕೊಟ್ಟಿದೆ, ಕಂಪನಿಗಳಿಂದ ಶೇಕಡ 1ರಿಂದ 5ರವರೆಗೆ ಶುಲ್ಕವನ್ನೂ ವಸೂಲು ಮಾಡುತ್ತದೆ. ಆದರೆ ಸಂಹಿತೆ ಅವರನ್ನು ಮಾಲೀಕ–ನೌಕರ ಸಂಬಂಧದ ಹೊರಗೇ ಇಟ್ಟಿದೆ. ಹಾಗಾಗಿ ಹಾದಿಯ ಅಪಘಾತದ ನಿಯಮ ಅವರಿಗೆ ತಾನಾಗಿ ಸಿಗುವುದಿಲ್ಲ. ಇದು ಬದಲಾಗಲೇಬೇಕು.

ಉಳಿದವರಿಗೂ ಸುಮ್ನೆ ದಾರಿಯಲ್ಲಿ ಬಿದ್ದರೆ ಸಾಲದು. ಆ ಪ್ರಯಾಣಕ್ಕೂ ಕೆಲಸಕ್ಕೂ ನಂಟಿದೆ ಎಂದು ತೋರಿಸಬೇಕು. ನಡುವೆ ಮದುವೆಗೆಂದು ಕಿನ್ನಿಗೋಳಿಗೆ ತಿರುಗಿದ್ದರೆ ವಾದ ದುರ್ಬಲವಾಗುತ್ತದೆ. ಪಾಳಿಯ ಪಟ್ಟಿ, ಹಿಂದಿನ ದಿನಗಳ ಹಾಜರಿ, ಮನೆಯಿಂದ ಹೊರಟ ಹೊತ್ತು ಕಂಡವರು, ಇವೆಲ್ಲ ಬೇಕಾಗುತ್ತವೆ. ಪೊಲೀಸ್ ದೂರು ಕೊಡುವಾಗಲೇ ‘ಕೆಲಸಕ್ಕೆ ಹೋಗುತ್ತಿದ್ದಾಗ’ ಎಂದು ಬರೆಸಿ, ಪಾಳಿಯ ಸಮಯವನ್ನೂ ಸೇರಿಸಿ.