ವಾರಕ್ಕೆರಡು ದಿನ ಬಂದುಹೋಗುವ ಲೆಕ್ಕದವರು ಸಾಕೇ?

ಪ್ರಶ್ನೆ: ನಮ್ಮದು ಹಾರ್ಡ್‌ವೇರ್ ಅಂಗಡಿ. ನಾನು, ನನ್ನ ತಮ್ಮ, ಕೆಲಸಕ್ಕೊಬ್ಬ ಹುಡುಗ, ಇಷ್ಟೇ ಜನ. ತಿಂಗಳ ಸಂಬಳ ಕೊಟ್ಟು ಅಕೌಂಟೆಂಟ್ ಇಡುವಷ್ಟು ವ್ಯಾಪಾರವಿಲ್ಲ. ಪಾರ್ಟ್ ಟೈಮ್ ಬರುವವರು ಸಾಕಾಗುತ್ತಾರಾ? ಜಿಎಸ್‌ಟಿ ಎಲ್ಲ ಅವರೇ ನೋಡಿಕೊಳ್ಳುತ್ತಾರಲ್ಲವೇ?

ಉತ್ತರ: ಸಾಕು, ಧಾರಾಳವಾಗಿ ಸಾಕು. ಮೂರು ಜನರ ಅಂಗಡಿಗೆ ಬೆಳಗ್ಗೆಯಿಂದ ಸಂಜೆವರೆಗೆ ಕೂರುವ ಅಕೌಂಟೆಂಟ್ ಬೇಕಿಲ್ಲ. ಆದರೆ ‘ಮಂಗಳವಾರ, ಶುಕ್ರವಾರ ಬನ್ನಿ’ ಎಂದು ವಾರ ಗೊತ್ತು ಮಾಡಬೇಡಿ, ತಾರೀಖು ಗೊತ್ತು ಮಾಡಿ. ಪ್ರತಿ ತಿಂಗಳು ರಿಟರ್ನ್ ಹಾಕುವವರಾದರೆ ಮಾರಾಟದ ವಿವರ 11ರೊಳಗೆ ಹೋಗಬೇಕು. 14ಕ್ಕೆ ಜಿಎಸ್‌ಟಿ ಪೋರ್ಟಲ್‌ನಲ್ಲಿ 2ಬಿ, ಅಂದರೆ ನಿಮ್ಮ ಖರೀದಿ ಬಿಲ್‌ಗಳ ಪಟ್ಟಿ ಬರುತ್ತದೆ. ನಿಮಗೆ ಮಾಲು ಕೊಟ್ಟವರು ತಮ್ಮ ಬಿಲ್ಲನ್ನು ತೋರಿಸಿದ್ದಾರೋ ಇಲ್ಲವೋ ಅದರಲ್ಲೇ ಗೊತ್ತಾಗುವುದು. ತೋರಿಸದಿದ್ದರೆ ಖರೀದಿಯಲ್ಲಿ ನೀವು ಕೊಟ್ಟ ತೆರಿಗೆಯನ್ನು ಕಳೆದುಕೊಳ್ಳುವ ಅವಕಾಶ, ಅಂದರೆ ಕ್ರೆಡಿಟ್, ನಿಮಗೆ ಸಿಗುವುದಿಲ್ಲ, ಹಾಗಾಗಿ ಅವತ್ತೇ ಫೋನ್ ಮಾಡಿ ಕೇಳಬೇಕು. 20ಕ್ಕೆ 3ಬಿ, ಅಂದರೆ ತಿಂಗಳ ಒಟ್ಟು ಲೆಕ್ಕ ತೋರಿಸಿ ತೆರಿಗೆ ಕಟ್ಟುವ ರಿಟರ್ನ್. ಅಂದರೆ ಕೆಲಸವೆಲ್ಲ ತಿಂಗಳ ಮೊದಲ ಇಪ್ಪತ್ತು ದಿನಗಳಲ್ಲೇ ಮುಗಿಬೀಳುತ್ತದೆ. ಆಮೇಲೆ ಒಂದು ದಿನ ಬಂದು ಬ್ಯಾಂಕ್ ಸ್ಟೇಟ್‌ಮೆಂಟ್ ತಾಳೆ ಹಾಕಿ, ಉದ್ರಿ ಬಾಕಿಯ ಪಟ್ಟಿ ತೆಗೆದುಕೊಟ್ಟರೆ ಆಯಿತು. ಬಿಲ್ ಎಂಟ್ರಿಗೆ ಟ್ಯಾಲಿ ಸಾಫ್ಟ್‌ವೇರ್ ಬಲ್ಲ ಬಿ.ಕಾಂ. ಓದಿದವರು, ರಿಟರ್ನ್‌ಗೆ ಜಿಎಸ್‌ಟಿ ಪ್ರಾಕ್ಟೀಷನರ್ (ವ್ಯಾಪಾರಿಗಳ ಪರವಾಗಿ ರಿಟರ್ನ್ ಹಾಕಲು ಇಲಾಖೆಯಲ್ಲಿ ನೋಂದಾಯಿಸಿಕೊಂಡವರು), ಟ್ಯಾಕ್ಸ್ ಆಡಿಟ್ ಬಂದರೆ ಮಾತ್ರ ಸಿ.ಎ. ಮೂವರಿಗೂ ಅವರವರ ಕೆಲಸಕ್ಕೆ ತಕ್ಕಷ್ಟೇ ಕೊಡಿ.

ಈಗ ನಿಮ್ಮ ಕೊನೆಯ ಸಾಲಿಗೆ ಬರುತ್ತೇನೆ. ಈ ಮಾತನ್ನು ಎಷ್ಟು ಅಂಗಡಿಗಳಲ್ಲಿ ನಿಂತು ಹೇಳಿದ್ದೇನೋ, ಮತ್ತೆ ಮತ್ತೆ ಅದೇ ಪ್ರಶ್ನೆ ಬರುತ್ತದೆ. ‘ಆಡಿಟರ್‌ಗೆ ಕೊಟ್ಟಿದ್ದೀವಿ, ಇನ್ನು ಅವರುಂಟು ಇಲಾಖೆ ಉಂಟು.’ ಇದು ತಪ್ಪು. ಜಿಎಸ್‌ಟಿ ಕಾಯ್ದೆಯ 48ನೇ ಸೆಕ್ಷನ್ ಪ್ರಾಕ್ಟೀಷನರ್‌ಗಳ ಬಗ್ಗೆಯೇ ಇರುವುದು. ಅದರ ಮೂರನೇ ಉಪವಿಭಾಗ ನೇರವಾಗಿ ಹೇಳುತ್ತದೆ: ಪ್ರಾಕ್ಟೀಷನರ್ ಹಾಕಿದ ರಿಟರ್ನ್‌ನಲ್ಲಿರುವ ವಿವರ ಸರಿಯಿದೆಯೇ ಎಂಬ ಹೊಣೆ ನೋಂದಣಿ ಯಾರ ಹೆಸರಿನಲ್ಲಿದೆಯೋ ಅವರ ಮೇಲೆಯೇ ಉಳಿಯುತ್ತದೆ. ಡ್ರೈವರ್ ಇಟ್ಟುಕೊಂಡ ಮಾತ್ರಕ್ಕೆ ಗಾಡಿಯ ಆರ್‌.ಸಿ. ಅವರ ಹೆಸರಿಗೆ ಹೋಗುವುದಿಲ್ಲವಲ್ಲ! ರಿಟರ್ನ್ ತಡವಾದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ, ಅದಕ್ಕೊಂದು ಗರಿಷ್ಠ ಮಿತಿಯಾದರೂ ಇದೆ. ಕಟ್ಟದೆ ಉಳಿದ ತೆರಿಗೆಯ ಮೇಲೆ ವರ್ಷಕ್ಕೆ ಶೇ. 18 ಬಡ್ಡಿ. ಎರಡೂ ನಿಮ್ಮ ಗಲ್ಲಾದಿಂದಲೇ ಹೋಗುತ್ತವೆ.

ಈ ನಂಬಿಕೆ ಎಲ್ಲಿ ಹೊಡೆತ ಕೊಡುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕು. ನೋಂದಣಿ ಮಾಡಿಸುವಾಗ ಬಹಳ ಜನ ಲೆಕ್ಕದವರಿಗೆ ‘ನಂಗೆ ಮೇಲ್ ಗೀಲ್ ಎಲ್ಲ ಬರಲ್ಲ, ನಿಮ್ಮದೇ ಹಾಕ್ಕೊಳ್ಳಿ ಸರ್’ ಅಂದುಬಿಡುತ್ತಾರೆ. ಮೊಬೈಲ್ ನಂಬರ್ ಅವರದು, ಮೇಲ್ ಅವರದು, ಪಾಸ್‌ವರ್ಡ್ ಅವರ ಡೈರಿಯಲ್ಲಿ. ಎರಡು ವರ್ಷ ಬಿಟ್ಟು ಆ ಮನುಷ್ಯ ಬೇರೆ ಊರಿಗೆ ಹೋದರೆ, ಇಲ್ಲವೇ ನಿಮಗೂ ಅವರಿಗೂ ಮಾತು ಬಿಟ್ಟುಹೋದರೆ? ನೋಟಿಸ್ ಬರುವುದು ಆ ಮೇಲ್‌ಗೆ. 169ನೇ ಸೆಕ್ಷನ್ ಪ್ರಕಾರ ಮೇಲ್‌ಗೆ ಕಳಿಸಿದರೂ, ಪೋರ್ಟಲ್‌ನಲ್ಲಿ ಹಾಕಿದರೂ ನಿಮಗೆ ತಲುಪಿಸಿದಂತೆಯೇ. ಪೋಸ್ಟ್‌ಮ್ಯಾನ್ ಅಂಗಡಿ ಬಾಗಿಲಿಗೆ ಬರುತ್ತಾನೆಂದು ಕಾಯಬೇಡಿ. ಉತ್ತರ ಹೋಗದಿದ್ದರೆ ಆದೇಶ ಹೊರಡುತ್ತದೆ. ಮೇಲ್ಮನವಿಗೆ ಮೂರು ತಿಂಗಳು, ತಕ್ಕ ಕಾರಣ ತೋರಿಸಿದರೆ ಇನ್ನೊಂದು ತಿಂಗಳು. ಆ ಅವಧಿಯೂ ಮುಗಿದ ಮೇಲೆ ಬ್ಯಾಂಕ್ ಖಾತೆಗೆ ತಡೆ ಬಿದ್ದಾಗ ಓಡಿಬರುತ್ತಾರೆ. ಲೆಕ್ಕದಲ್ಲಿ ತಪ್ಪೇ ಇರದ ಅಂಗಡಿಗಳೂ ಹೀಗೆ ಸಿಕ್ಕಿಬೀಳುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಆದ್ದರಿಂದ ಕೆಲಸ ಅವರಿಗೆ ಕೊಡಿ, ಬೀಗದ ಕೈ ನಿಮ್ಮ ಹತ್ತಿರ ಇರಲಿ. ಪೋರ್ಟಲ್‌ನಲ್ಲಿ ನಿಮ್ಮದೇ ಮೊಬೈಲ್, ನಿಮ್ಮದೇ ಮೇಲ್ ಇರಬೇಕು. ಪ್ರಾಕ್ಟೀಷನರ್‌ಗೆ ತಮ್ಮದೇ ಲಾಗಿನ್ ಇರುತ್ತದೆ. ನೀವು ಪೋರ್ಟಲ್‌ನಲ್ಲಿ ಅವರನ್ನು ನೇಮಿಸಿದರೆ ನಿಮ್ಮ ಪಾಸ್‌ವರ್ಡ್ ಕೊಡುವ ಅಗತ್ಯವೇ ಇಲ್ಲ, ಬೇಡವೆಂದಾಗ ತೆಗೆದೂ ಹಾಕಬಹುದು. ಬೇರೆಯವರ ನಂಬರ್ ಈಗಾಗಲೇ ಇದ್ದರೆ ಪೋರ್ಟಲ್‌ನ ‘ನಾನ್-ಕೋರ್’ (ಮುಖ್ಯವಲ್ಲದ ವಿವರಗಳ) ತಿದ್ದುಪಡಿಯಲ್ಲಿ ನೀವೇ ಬದಲಿಸಬಹುದು, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಲಾಗಿನ್ನೇ ಗೊತ್ತಿಲ್ಲವೆಂದರೆ ಗುರುತಿನ ಚೀಟಿ, ಅಂಗಡಿಯ ದಾಖಲೆ ಹಿಡಿದು ನಿಮ್ಮ ವ್ಯಾಪ್ತಿಯ ಜಿಎಸ್‌ಟಿ ಕಚೇರಿಗೆ ಹೋಗಿ. ಇಂಥ ಪ್ರಕರಣಗಳು ಬಹಳವಾದ್ದರಿಂದಲೇ 2018ರಲ್ಲಿ ಅಧಿಕಾರಿಗಳಿಗೆ ನಂಬರ್ ಬದಲಿಸಿಕೊಡುವ ಸೌಲಭ್ಯ ಮಾಡಿಕೊಟ್ಟರು.

ರಿಟರ್ನ್ ಹಾಕುವಾಗ ಬರುವ ಒಟಿಪಿ ವಿಷಯವೂ ಇಷ್ಟೇ. ಗಿರಾಕಿಗೆ ಮೊಳೆ ತೂಗುತ್ತಾ ಫೋನಿನಲ್ಲಿ ಆರು ಅಂಕಿ ಹೇಳಿಬಿಡುತ್ತೀರಲ್ಲ, ಅದು ನಿಮ್ಮ ಸಹಿ. ಈ ತಿಂಗಳ ಮಾರಾಟ ಎಷ್ಟು ತೋರಿಸಿದ್ದೀರಿ, ಕಟ್ಟಬೇಕಾದ್ದೆಷ್ಟು ಎಂದು ಎರಡು ಪ್ರಶ್ನೆ ಕೇಳಿ ಆಮೇಲೆ ಹೇಳಿ. ತೆರಿಗೆ ದುಡ್ಡನ್ನು ಲೆಕ್ಕದವರ ಕೈಗೆ ನಗದಾಗಿ ಕೊಡಬೇಡಿ, ಅವರು ಎಷ್ಟೇ ಬೇಕಾದವರಾಗಿರಲಿ. ಚಲನ್ ಮಾಡಿಸಿ ನಿಮ್ಮ ಖಾತೆಯಿಂದಲೇ ಕಟ್ಟಿ. ತಿಂಗಳಿಗೊಮ್ಮೆ ನೀವೇ ಲಾಗಿನ್ ಆಗಿ ನೋಟಿಸ್‌ಗಳ ಪುಟ ನೋಡಿ. ‘ಅಡಿಷನಲ್ ನೋಟಿಸಸ್’ ಎಂದು ಇನ್ನೊಂದು ಪುಟವಿದೆ, ಅದನ್ನೂ ಬಿಡಬೇಡಿ. ಹತ್ತನೇ ತರಗತಿ ದಾಟದ ಕಿರಾಣಿ ಅಂಗಡಿಯ ಅಮ್ಮನವರೊಬ್ಬರು ನನ್ನ ಹತ್ತಿರ ಇದನ್ನು ಕಲಿತು, ಈಗ ನನಗಿಂತ ಮೊದಲೇ ನೋಡಿ ಫೋನ್ ಮಾಡುತ್ತಾರೆ. ನನಗೆ ಅದಕ್ಕಿಂತ ಹೆಮ್ಮೆಯ ವಿಷಯ ಬೇರಿಲ್ಲ.

ಒಳ್ಳೆಯ ಲೆಕ್ಕದವರು ಇದಕ್ಕೆಲ್ಲ ಬೇಜಾರು ಮಾಡಿಕೊಳ್ಳುವುದಿಲ್ಲ. ನಂಬರ್ ಬದಲಿಸಲು ಒಪ್ಪದಿದ್ದರೆ ಅವರನ್ನೇ ಬದಲಿಸಿ.

ನೀವು ಕೇಳದ ಒಂದು ವಿಷಯವನ್ನೂ ಹೇಳಬೇಕು. ನಿಮ್ಮ ಅಂಗಡಿಯ ಕ್ಯೂಆರ್ ಯಾವ ಖಾತೆಗೆ ಸೇರಿದೆ? ಬಹುಪಾಲು ಮನೆಯ ಸೇವಿಂಗ್ಸ್ ಖಾತೆಗೆ. ಸಿಮೆಂಟ್ ಮಾರಿದ ದುಡ್ಡು, ಚೀಟಿ ಎತ್ತಿದ ದುಡ್ಡು, ಮದುವೆಯ ಮುಯ್ಯಿ, ತಂಗಿ ತೀರಿಸಿದ ಕೈಸಾಲ, ಎಲ್ಲವೂ ಒಂದೇ ಕಡೆ. ವಾರಕ್ಕೆರಡು ದಿನ ಬರುವವರಿಗೆ ಇದರಲ್ಲಿ ವ್ಯಾಪಾರ ಯಾವುದು, ಮನೆಯದು ಯಾವುದು ಎಂದು ಹೇಗೆ ಗೊತ್ತಾಗಬೇಕು? ನೀವು ಕೊಡುವ ಫೀಸಿನ ಅರ್ಧ ಈ ಬೇರ್ಪಡಿಸುವಿಕೆಗೇ ಹೋಗುತ್ತದೆ. 2025ರ ಜುಲೈನಲ್ಲಿ ಕರ್ನಾಟಕದ ಸಣ್ಣ ವ್ಯಾಪಾರಿಗಳಿಗೆ ಯುಪಿಐ ಜಮೆಯ ಲೆಕ್ಕ ಹಿಡಿದು ನೋಟಿಸ್ ಬಂದದ್ದು ನೆನಪಿದೆಯಲ್ಲ. ತೆರಿಗೆಯೇ ಇಲ್ಲದ ತರಕಾರಿ, ಹಾಲು ಮಾರುವವರಿಗೂ ಬಂತು. ಜಮೆಯಾದ ಮೊತ್ತ ಇಲಾಖೆಗೆ ಕಾಣುತ್ತದೆ, ಯಾತಕ್ಕೆ ಬಂತೆಂದು ಕಾಣುವುದಿಲ್ಲ. ಅದನ್ನು ತೋರಿಸಿಕೊಡುವುದು ನಿಮ್ಮ ಪುಸ್ತಕ.

ಆಗ ಹೆದರಿ ಕ್ಯೂಆರ್ ಕಿತ್ತು ‘ಓನ್ಲಿ ಕ್ಯಾಶ್’ ಎಂದು ಬರೆದು ಅಂಟಿಸಿದವರಿಗೆ ಒಂದು ಮಾತು. ನಗದಾಗಿ ಬಂದರೂ ವಹಿವಾಟು ವಹಿವಾಟೇ. ಸಾಮಾನು ಮಾರುವವರಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ಎಂಬ ಜಿಎಸ್‌ಟಿ ನೋಂದಣಿಯ ಮಿತಿಯನ್ನು ನಗದು, ಯುಪಿಐ ಎರಡನ್ನೂ ಸೇರಿಸಿಯೇ ನೋಡುವುದು. ಆದಾಯ ತೆರಿಗೆಯಲ್ಲಿ ಅಂದಾಜು ಲಾಭ ತೋರಿಸುವ ಪದ್ಧತಿ ಹಿಡಿದರಂತೂ ನಗದು ವಹಿವಾಟಿಗೆ ಶೇ. 8, ಬ್ಯಾಂಕಿನ ಮೂಲಕ ಬಂದದ್ದಕ್ಕೆ ಶೇ. 6 ಲಾಭ ತೋರಿಸಿದರೆ ಸಾಕು. ಕ್ಯೂಆರ್‌ನಿಂದ ನಿಮಗೇ ಅನುಕೂಲ.

ಅಂಗಡಿ ಹೆಸರಿನಲ್ಲಿ ಒಂದು ಕರೆಂಟ್ ಅಕೌಂಟ್ ಮಾಡಿಸಿ. ನಿಮ್ಮ ಹತ್ತಿರ ಜಿಎಸ್‌ಟಿ ಸರ್ಟಿಫಿಕೇಟ್ ಇದೆ, ಜೊತೆಗೆ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಕೊಟ್ಟರಾಯಿತು. ಅದು ಸರ್ಕಾರದ ಪೋರ್ಟಲ್‌ನಲ್ಲಿ ಉಚಿತ, ಯಾರಾದರೂ ಫೀ ಕೇಳಿದರೆ ಕೊಡಬೇಡಿ. ಹೊಸ ಕ್ಯೂಆರ್ ಬಂದ ದಿನವೇ ಹಳೆಯ ಸ್ಟಿಕರ್ ಕಿತ್ತುಹಾಕಿ. ಎರಡೂ ಗಲ್ಲಾದ ಮುಂದಿದ್ದರೆ ಗಿರಾಕಿ ಕಣ್ಣಿಗೆ ಬಿದ್ದದ್ದನ್ನು ಸ್ಕ್ಯಾನ್ ಮಾಡಿ ಹೋಗುತ್ತಾರೆ.