ಕಾರ್ಡಿನಿಂದ ಒಡಂಬಡಿಕೆಗೆ: ಅಮೆರಿಕದ ಹ್ಯಾಮ್ ಸಂಘ ತನ್ನ ಆಲಿಸುವ ಪಡೆಯನ್ನು ಮತ್ತೆ ಕಟ್ಟಿದ ಬಗೆ

1950ರ ದಶಕದ ಅಮೆರಿಕದಲ್ಲಿ ಹೊಸದಾಗಿ ಲೈಸೆನ್ಸ್ ಪಡೆದ ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊದವರ, ಮನೆಗೆ, ಸಂಪರ್ಕವಾಯಿತೆಂದು ಖಚಿತಪಡಿಸಿ ದೂರದ ಗೆಳೆಯರು ಕಳಿಸುವ ಕ್ಯೂಎಸ್‌ಎಲ್ ಕಾರ್ಡುಗಳ ನಡುವೆ, ಒಮ್ಮೊಮ್ಮೆ ಎದೆ ಧಸಕ್ಕೆನಿಸುವ ಇನ್ನೊಂದು ಕಾರ್ಡು ಬರುತ್ತಿತ್ತು. ಇಂಥ ದಿನ, ಇಂಥ ಹೊತ್ತಿನಲ್ಲಿ ನಿಮ್ಮ ಮೋರ್ಸ್ ಸಂಕೇತ 7.4 ಮೆಗಾಹರ್ಟ್ಸ್‌ನಲ್ಲಿ ಕೇಳಿಬಂದಿದೆ, ಅದು ಹವ್ಯಾಸಿಗಳಿಗೆ ಮೀಸಲಾದ ಬ್ಯಾಂಡ್ ಅಲ್ಲ ಎಂಬುದು ಅದರ ಒಕ್ಕಣೆ. ಪಾಪ, ಆತ ಕೀಲಿ ಒತ್ತಿದ್ದು ತನಗೆ ಅನುಮತಿಯಿದ್ದ 3.7 ಮೆಗಾಹರ್ಟ್ಸ್‌ನಲ್ಲೇ. ಟ್ರಾನ್ಸ್‌ಮಿಟರ್ ಸರಿಯಾಗಿ ಟ್ಯೂನ್ ಆಗದೆ ಅದರ ದುಪ್ಪಟ್ಟು ಕಂಪನಾಂಕದ ಹಾರ್ಮೋನಿಕ್ ಕೂಡ ಆಂಟೆನಾದಿಂದ ಹೊರಬಿದ್ದು, ನೂರಾರು ಮೈಲಿ ಆಚೆ ಇಳಿದಿತ್ತು. ಕಳಿಸಿದವನಿಗೆ ತನ್ನ ಕೋಣೆಯಲ್ಲಿ ಕುಳಿತು ಇದು ತಿಳಿಯುವ ಬಗೆಯೇ ಇರಲಿಲ್ಲ. ಕಾರ್ಡು ಬರೆದವನು ಸರ್ಕಾರಿ ಅಧಿಕಾರಿಯೂ ಅಲ್ಲ, ಇನ್ನೊಬ್ಬ ಹ್ಯಾಮ್. ಸರ್ಕಾರದ ನೋಟಿಸು ಬರುವ ಮೊದಲೇ ತಿದ್ದಿಕೊಳ್ಳಲಿ ಎಂಬುದಷ್ಟೇ ಅವನ ಉದ್ದೇಶ.

ಇಂಥವರನ್ನು ಅಫಿಷಿಯಲ್ ಅಬ್ಸರ್ವರ್ ಎಂದು ಕರೆಯುತ್ತಿದ್ದರು. ಅವರ ಬೆನ್ನಿಗಿದ್ದುದು ಅಮೆರಿಕನ್ ರೇಡಿಯೊ ರಿಲೇ ಲೀಗ್, ಅಂದರೆ ಎಆರ್‌ಆರ್‌ಎಲ್. ಅದರ ಹುಟ್ಟಿನಲ್ಲೇ ಸ್ವಯಂಸೇವೆ ಇದೆ. 1914ರ ಏಪ್ರಿಲ್‌ನಲ್ಲಿ ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನ ಹೈರಮ್ ಪರ್ಸಿ ಮ್ಯಾಕ್ಸಿಮ್ ಅವರಿಗೆ ಸುಮಾರು 40 ಕಿಲೋಮೀಟರ್ ದೂರದ ಸ್ಪ್ರಿಂಗ್‌ಫೀಲ್ಡ್‌ಗೆ ಸಂದೇಶ ತಲುಪಿಸಲಾಗದೆ, ನಡುದಾರಿಯ ವಿಂಡ್ಸರ್ ಲಾಕ್ಸ್‌ನ ಹವ್ಯಾಸಿಯೊಬ್ಬರು ಅದನ್ನು ಹಿಡಿದು ಮುಂದಕ್ಕೆ ದಾಟಿಸಬೇಕಾಯಿತು. ಹೀಗೆ ಕೈಯಿಂದ ಕೈಗೆ ದಾಟಿಸುವವರ ಜಾಲವನ್ನೇ ಕಟ್ಟಿದರೆ ಹೇಗೆ ಎಂದುಕೊಂಡ ಮ್ಯಾಕ್ಸಿಮ್, ಕ್ಲಾರೆನ್ಸ್ ಟಸ್ಕಾ ಎಂಬ ತರುಣನೊಂದಿಗೆ ಸೇರಿ ಸಂಘವನ್ನು ಹುಟ್ಟುಹಾಕಿದರು.

ಜಾಲವೆಂದ ಮೇಲೆ ಊರೂರಿಗೆ ಹೊಣೆಗಾರರು ಬೇಕು. ಸಂಘವು ದೇಶವನ್ನು ಡಿವಿಷನ್‌ಗಳಾಗಿ, ಅವನ್ನು ಮತ್ತೆ ಸೆಕ್ಷನ್‌ಗಳಾಗಿ ಹಂಚಿಕೊಂಡಿತು. ಈಗ 15 ಡಿವಿಷನ್, 71 ಸೆಕ್ಷನ್. ಸೆಕ್ಷನ್ ಮ್ಯಾನೇಜರನ್ನು ಆ ಪ್ರದೇಶದ ಸದಸ್ಯರೇ ಎರಡು ವರ್ಷಕ್ಕೊಮ್ಮೆ ಆರಿಸುತ್ತಾರೆ, ಅವರಿಗೆ ಸಂಬಳವಿಲ್ಲ. ವಿಪತ್ತಿನ ಸಂಪರ್ಕಕ್ಕೆ ಒಬ್ಬ, ಸಂದೇಶ ರವಾನೆಗೆ ಒಬ್ಬ, ತಾಂತ್ರಿಕ ಸಲಹೆಗೆ ಮತ್ತೊಬ್ಬ ಎಂದು ನೇಮಿಸುವಂತೆ ಅಬ್ಸರ್ವರ್‌ಗಳ ನೇಮಕವೂ ಇದೇ ಮ್ಯಾನೇಜರ ಕೈಯಲ್ಲಿತ್ತು. ಈ ವ್ಯವಸ್ಥೆಯ ಬಲವೂ ದೌರ್ಬಲ್ಯವೂ ಇದರಲ್ಲೇ ಇದ್ದವು ಎಂದು ನನಗೆ ತೋರುತ್ತದೆ. ಪಕ್ಕದೂರಿನವನ ಬುದ್ಧಿಮಾತು ನಾಟುವಷ್ಟು ರಾಜಧಾನಿಯ ಕಾಗದ ನಾಟುವುದಿಲ್ಲ, ನಿಜ. ಆದರೆ ಚುನಾವಣೆಯಲ್ಲಿ ಬದಲಾಗುವ ಮ್ಯಾನೇಜರ ಆಸಕ್ತಿಗೆ ತಕ್ಕಂತೆ ಒಂದು ಸೆಕ್ಷನ್‌ನಲ್ಲಿ ಕಿವಿಗಳು ಹೆಚ್ಚುವುದು, ಇನ್ನೊಂದರಲ್ಲಿ ಹೆಸರಿಗಷ್ಟೇ ಉಳಿಯುವುದು ಅಂಥ ರಚನೆಯಲ್ಲಿ ತಪ್ಪಿದ್ದಲ್ಲ.

ಸಂಘದ ಆಂತರಿಕ ಶಿಸ್ತಾಗಿದ್ದ ಈ ಕೆಲಸಕ್ಕೆ ಸರ್ಕಾರದ ನಂಟು ಬೆಸೆದದ್ದು 1982ರ ಸಂಪರ್ಕ ತಿದ್ದುಪಡಿ ಕಾಯ್ದೆ. ಅಮೆರಿಕದಲ್ಲಿ 19ನೇ ಶತಮಾನದಿಂದಲೂ ಒಂದು ವಿಚಿತ್ರ ತಡೆಯಿದೆ: ಶಾಸನದ ಅನುಮತಿಯಿಲ್ಲದೆ ಸರ್ಕಾರಿ ಇಲಾಖೆಗಳು ಯಾರಿಂದಲೂ ಪುಕ್ಕಟೆ ಸೇವೆ ಪಡೆಯುವಂತಿಲ್ಲ. ಇಂದು ಧರ್ಮಕ್ಕೆ ದುಡಿದವನು ನಾಳೆ ಕೂಲಿ ಕೇಳಿದರೆ ಬಜೆಟ್ಟಿಗೆ ಹೊರೆ ಎಂಬ ಅಂಜಿಕೆ ಅದರ ಹಿಂದಿನದು. ಸ್ವತಃ ಹ್ಯಾಮ್ ಆಗಿದ್ದ ಅರಿಜೋನಾದ ಸೆನೆಟರ್ ಬ್ಯಾರಿ ಗೋಲ್ಡ್‌ವಾಟರ್ ಬೆಂಬಲಿಸಿದ ಈ ಕಾಯ್ದೆಯು ಹವ್ಯಾಸಿಗಳ ಮಟ್ಟಿಗೆ ಆ ತಡೆಯನ್ನು ಸಡಿಲಿಸಿ, ಲೈಸೆನ್ಸ್ ಪರೀಕ್ಷೆ ನಡೆಸಲು ಮತ್ತು ಬ್ಯಾಂಡ್‌ಗಳ ಮೇಲೆ ನಿಗಾ ಇಡಲು ಅವರ ನೆರವು ಪಡೆಯುವ ಅಧಿಕಾರವನ್ನು ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್‌ಗೆ, ಎಂದರೆ ಎಫ್‌ಸಿಸಿಗೆ, ನೀಡಿತು. ಅಬ್ಸರ್ವರ್‌ಗಳು ಅಮೆಚೂರ್ ಆಕ್ಸಿಲಿಯರಿ ಎಂಬ ಹೆಸರಿನಡಿ ಬಂದರು.

ಒಂದೇ ಕಾಯ್ದೆಯ ಈ ಎರಡು ಮಕ್ಕಳ ಹಣೆಬರಹ ಮಾತ್ರ ಬೇರೆ ಬೇರೆಯಾಯಿತು. ಪರೀಕ್ಷೆಯ ಕೆಲಸ ಬೆಳೆಯಿತು; ಮೂವರು ಪರೀಕ್ಷಕರು ಶನಿವಾರದ ಬೆಳಗ್ಗೆ ಎಲ್ಲೋ ಒಂದು ಗ್ರಂಥಾಲಯದಲ್ಲಿ ಕುಳಿತರೆ ಊಟದ ಹೊತ್ತಿಗೆ ಯಾರು ಪಾಸಾದರೆಂಬುದು ಗೊತ್ತಾಗುತ್ತದೆ. ನಿಗಾ ಇಡುವವರಿಗೆ ಈ ಸುಖವಿಲ್ಲ. ಕೈತಪ್ಪಿ ಎಡವಿದ ಹೊಸಬ ಕಾರ್ಡು ನೋಡಿ ತಿದ್ದಿಕೊಂಡಾನು, ಬೇಕೆಂದೇ ಇತರರ ಮಾತಿನ ಮೇಲೆ ಸಿಗ್ನಲ್ ಸುರಿಯುವವನಿಗೆ ಕಾರ್ಡು ಯಾವ ಲೆಕ್ಕ? ಅಂಥ ಪ್ರಕರಣಗಳಲ್ಲಿ ದಂಡ ಹಾಕುವ ಹಕ್ಕು ಎಫ್‌ಸಿಸಿಗೆ ಮಾತ್ರ. 1998ರಿಂದ 2008ರವರೆಗೆ ಅಲ್ಲಿ ಹವ್ಯಾಸಿ ರೇಡಿಯೊ ನಿಯಮಪಾಲನೆಯನ್ನು ನೋಡಿಕೊಂಡ ವಕೀಲ ರೈಲಿ ಹಾಲಿಂಗ್ಸ್‌ವರ್ತ್, ತಾವೂ ಹ್ಯಾಮ್ ಆಗಿದ್ದು, ಪತ್ರ ಬರೆದೂ ಫೋನ್ ಮಾಡಿಯೂ ಬೆನ್ನು ಹತ್ತುತ್ತಿದ್ದರೆಂದು ಹೆಸರಾಗಿದ್ದರು. 2015ರಲ್ಲಿ ಎಫ್‌ಸಿಸಿ ತನ್ನ 24 ಕ್ಷೇತ್ರ ಕಚೇರಿಗಳಲ್ಲಿ 11ನ್ನು ಮುಚ್ಚಲು ತೀರ್ಮಾನಿಸಿತು. ಸ್ವಯಂಸೇವಕರು ಬರೆದು ಕಳಿಸುವ ವರದಿಯನ್ನು ಕೈಗೆತ್ತಿಕೊಳ್ಳಬೇಕಾದವರೇ ಕಡಿಮೆಯಾದರು.

ಮರುಸಂಘಟನೆಯ ಪ್ರಸ್ತಾಪ ಎಫ್‌ಸಿಸಿಯಿಂದಲೇ ಬಂತು. 2018ರಲ್ಲಿ ಸಂಘದ ಆಡಳಿತ ಮಂಡಳಿ ವಾಲಂಟಿಯರ್ ಮಾನಿಟರ್, ಅಂದರೆ ನಿಗಾ ಇಡುವ ಸ್ವಯಂಸೇವಕರ, ಯೋಜನೆಯನ್ನು ಒಪ್ಪಿತು. 2019ರಲ್ಲಿ ಎರಡೂ ಕಡೆಯವರು ಒಡಂಬಡಿಕೆಗೆ ಸಹಿ ಹಾಕಿದರು. 80 ವರ್ಷಕ್ಕೂ ಹಳೆಯದಾದ ಅಬ್ಸರ್ವರ್ ಪದ್ಧತಿ ಮುಗಿಯಿತು. ಇದ್ದವರನ್ನೇ ಹೊಸ ಹೆಸರಿನಲ್ಲಿ ಮುಂದುವರಿಸಲಿಲ್ಲ ಎಂಬುದು ಇಲ್ಲಿ ಗಮನಿಸಬೇಕಾದ ಸಂಗತಿ: ಎಷ್ಟೇ ವರ್ಷ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕುಳಿತಿದ್ದರೂ ಹೊಸದಾಗಿ ಅರ್ಜಿ ಹಾಕಬೇಕು, ಆಯ್ಕೆಯಾಗಬೇಕು, ತರಬೇತಿ ಪಡೆಯಬೇಕು. ಯೋಜನೆಯ ಹೊಣೆ ಹೊತ್ತವರು ನಿವೃತ್ತರಾಗಿದ್ದ ಅದೇ ಹಾಲಿಂಗ್ಸ್‌ವರ್ತ್. ಸಾಕ್ಷ್ಯ ಹೇಗಿದ್ದರೆ ಎಫ್‌ಸಿಸಿಯ ಮೇಜಿನ ಮೇಲೆ ನಿಲ್ಲುತ್ತದೆ ಎಂಬುದನ್ನು ಆ ಮೇಜಿನ ಹಿಂದೆ ಕುಳಿತು ಬಲ್ಲವರು ಅವರು.

ಹಳಬರಿಗೆ ಇದು ಕಹಿಯಾಗಿರಲಾರದೆ? ದಶಕಗಳ ಸೇವೆಗೆ ಸಿಕ್ಕದ್ದು ಒಂದು ಅರ್ಜಿ ನಮೂನೆ. ಆದರೂ ಕೆಲವೇ ಮಂದಿಯ ವರದಿಗೆ ತೂಕ ಬರಬೇಕಾದರೆ ಬೇರೆ ದಾರಿ ನನಗೆ ಕಾಣುವುದಿಲ್ಲ. ಸ್ವಯಂಸೇವಕ ದಣಿಯುವುದು ದುಡಿಮೆಯಿಂದಲ್ಲ, ದುಡಿದದ್ದು ಎಲ್ಲಿ ಹೋಯಿತೆಂದು ತಿಳಿಯದಿದ್ದಾಗ. (ನಮ್ಮ ದೇಶದಲ್ಲಿ ತರಂಗಗಳ ನಿಗಾ ದೂರಸಂಪರ್ಕ ಇಲಾಖೆಯ ವೈರ್‌ಲೆಸ್ ಮಾನಿಟರಿಂಗ್ ಆರ್ಗನೈಸೇಷನ್‌ನ ಸಂಬಳದ ಸಿಬ್ಬಂದಿಯ ಕೆಲಸ, ಬೆಂಗಳೂರಿನಲ್ಲೂ ಅದರ ಕೇಂದ್ರವಿದೆ.)

ಹೊಸ ವ್ಯವಸ್ಥೆಯಲ್ಲಿ ಕಳುಹಿಸಿದ ಸಲಹಾ ಪತ್ರಗಳಲ್ಲಿ ಕೆಲವು 14.074 ಮೆಗಾಹರ್ಟ್ಸ್‌ನ ಸುತ್ತಲಿನವು. ಎಫ್‌ಟಿ8 ಎಂಬ ಕಂಪ್ಯೂಟರ್ ವಿಧಾನದ ಆ ಜಾಗದಲ್ಲಿ, ಅದು ಸೇರಿರುವ 20 ಮೀಟರ್ ಬ್ಯಾಂಡಿನ ಹಕ್ಕಿಲ್ಲದ, ಆರಂಭಿಕ ಲೈಸೆನ್ಸಾದ ಟೆಕ್ನಿಷಿಯನ್ ದರ್ಜೆಯವರು, ತಂತ್ರಾಂಶ ತೋರಿಸಿದ ಪಟ್ಟಿಯಲ್ಲಿ ಕ್ಲಿಕ್ ಮಾಡಿ ಸುಲಭವಾಗಿ ಪ್ರಸಾರಕ್ಕಿಳಿಯಬಹುದು. ಪ್ರಸಾರದೊಂದಿಗೇ ಅವರ ಕಾಲ್ ಸೈನ್, ಅಂದರೆ ಲೈಸೆನ್ಸಿನ ಗುರುತು, ತಾನೇ ಹೋಗುವುದರಿಂದ ಹುಡುಕುವ ಕಷ್ಟವಿಲ್ಲ. ಜೊತೆಗೆ, ಚೆನ್ನಾಗಿ ನಡೆದುಕೊಂಡವರಿಗೆ ಮೆಚ್ಚುಗೆಯ ಪತ್ರಗಳೂ ಹೋಗುತ್ತವೆ. ಇದು ಅಬ್ಸರ್ವರ್‌ಗಳ ಕಾಲದಿಂದ ಉಳಿದುಬಂದ ರೂಢಿ.