ದಡ ಹತ್ತುವ ಹಡಗು, ಹತ್ತಿ ಕೂತೇ ಬಿಟ್ಟಿದ್ದು

ದಕ್ಷಿಣ ಚೀನಾ ಸಮುದ್ರದ ಸುದ್ದಿ ಬಂದಾಗಲೆಲ್ಲ ತುಕ್ಕು ಹಿಡಿದ ಒಂದು ಹಡಗಿನ ಫೋಟೊ ಬರುತ್ತದೆ. ಫಿಲಿಪ್ಪೀನ್ಸಿನ ಹಡಗು, ಹೆಸರು ಸಿಯೆರಾ ಮಾದ್ರೆ. ಅಲ್ಲಿಗೆ ದಿನಸಿ ಒಯ್ಯುವ ದೋಣಿಗಳ ಮೇಲೆ ಜಲಫಿರಂಗಿ ಹಾರಿತು, ಯಾರೋ ಯಾರಿಗೋ ಅಡ್ಡ ಬಂದರು, ಹಿಂದೆ ಯಾರೋ ಏನೋ ಮಾತು ಕೊಟ್ಟಿದ್ದರಂತೆ. ಓದಿದಷ್ಟೂ ಗೋಜಲು. ಹಾಗಾಗಿ ಜಗಳ ಬಿಟ್ಟು ಹಡಗಿನಿಂದಲೇ ಶುರು ಮಾಡೋಣ.

ಇದು ಹುಟ್ಟಿದ್ದು ಸಮುದ್ರದಿಂದ ಬಲು ದೂರ, ಅಮೆರಿಕದ ಇಂಡಿಯಾನಾ ರಾಜ್ಯದ ಇವಾನ್ಸ್‌ವಿಲ್‌ನಲ್ಲಿ, ಓಹಾಯೊ ನದಿ ದಂಡೆಯ ಮೇಲೆ. ಕಟ್ಟಿದ್ದು ಸೇತುವೆ ಕಟ್ಟುವ ಕಂಪನಿ. ಎರಡನೇ ಮಹಾಯುದ್ಧದ ಅವಸರದಲ್ಲಿ ಸೇತುವೆಯವರೂ ಹಡಗಿಗೆ ಕೈ ಹಾಕಿದ್ದರು. 1944ರ ನವೆಂಬರಿನಲ್ಲಿ ನೌಕಾಪಡೆಗೆ ಸೇರಿದಾಗ ಇದಕ್ಕೆ ಹೆಸರೂ ಇರಲಿಲ್ಲ, ಬರೀ ನಂಬರ್: ಎಲ್‌ಎಸ್‌ಟಿ-821. ಆ ಮೂರಕ್ಷರ ಅಂದರೆ ‘ಲ್ಯಾಂಡಿಂಗ್ ಶಿಪ್ ಟ್ಯಾಂಕ್’, ಟ್ಯಾಂಕುಗಳನ್ನು ನೇರ ದಡಕ್ಕೆ ಇಳಿಸುವ ಹಡಗು. ಉದ್ದ ಸುಮಾರು 100 ಮೀಟರ್, ಅಗಲ 15. ಇಂಥವನ್ನು ಅಮೆರಿಕ ಸಾವಿರಕ್ಕೂ ಜಾಸ್ತಿ ಕಟ್ಟಿತು. ವೇಗ ಕಡಿಮೆ, ಮೈ ದೊಡ್ಡದು. ನಾವಿಕರು ತಮಾಷೆಗೆ ಎಲ್‌ಎಸ್‌ಟಿ ಅಂದರೆ ‘ಲಾರ್ಜ್ ಸ್ಲೋ ಟಾರ್ಗೆಟ್’ ಅನ್ನುತ್ತಿದ್ದರು. ಹೊಡೆಯುವವರಿಗೆ ಸುಲಭದ ಗುರಿ ಅಂತ.

ಇದರ ತಳ ಚಪ್ಪಟೆ. ಮುಂದೆ ಎರಡು ದೊಡ್ಡ ಬಾಗಿಲು. ದೂರದ ಪ್ರಯಾಣದಲ್ಲಿ ಹಡಗಿನೊಳಗಿನ ತೊಟ್ಟಿಗಳಿಗೆ ನೀರು ತುಂಬಿಸಿ ಹಡಗನ್ನು ಆಳಕ್ಕೆ ಇಳಿಸುತ್ತಾರೆ. ದಡ ಹತ್ತಿರವಾದಾಗ ನೀರು ಹೊರಹಾಕಿ ಹಗುರ ಮಾಡುತ್ತಾರೆ. ದಡ ಮುಟ್ಟುವ ಮೊದಲೇ ಹಿಂಬದಿಯ ಲಂಗರನ್ನು ಸಮುದ್ರಕ್ಕೆ ಬಿಟ್ಟಿರುತ್ತಾರೆ. ಟ್ಯಾಂಕ್ ಇಳಿದ ಮೇಲೆ ಆ ಲಂಗರಿನ ಹಗ್ಗ ಸುತ್ತುತ್ತಾ ಹಡಗು ತನ್ನನ್ನು ತಾನೇ ಎಳೆದುಕೊಂಡು ವಾಪಸ್ ಹೋಗುತ್ತದೆ. ಹತ್ತುವುದಷ್ಟೇ ಅಲ್ಲ, ಬಿಡಿಸಿಕೊಳ್ಳುವುದೂ ಇದರ ಕಸುಬು.

ಓಕಿನಾವಾ ಯುದ್ಧ ಮುಗಿಸಿ 1946ರಲ್ಲಿ ಮೂಲೆ ಸೇರಿತು. 1955ರಲ್ಲಿ ‘ಹಾರ್ನೆಟ್ ಕೌಂಟಿ’ ಅಂತ ನಾಮಕರಣವಾಯಿತು. 1966ರಲ್ಲಿ ಮತ್ತೆ ಎಬ್ಬಿಸಿ ವಿಯೆಟ್ನಾಮಿನ ಮೆಕಾಂಗ್ ನದಿಮುಖಕ್ಕೆ ಕಳಿಸಿದರು. ಅಲ್ಲಿ ಟ್ಯಾಂಕಿನ ಕೆಲಸವೇ ಇರಲಿಲ್ಲ. ನದಿಯಲ್ಲಿ ಗಸ್ತು ತಿರುಗುವ ಚಿಕ್ಕ ದೋಣಿಗಳಿಗೂ ಹೆಲಿಕಾಪ್ಟರ್‌ಗಳಿಗೂ ಇದು ತೇಲುವ ಗ್ಯಾರೇಜು, ಪೆಟ್ರೋಲ್ ಬಂಕು, ಊಟದ ಮನೆ. 1970ರಲ್ಲಿ ದಕ್ಷಿಣ ವಿಯೆಟ್ನಾಮಿನ ಕೈಗೆ ಹೋಗಿ ‘ಮಿ ಥೋ’ ಆಯಿತು. 1975ರ ಏಪ್ರಿಲ್‌ನಲ್ಲಿ ಸೈಗಾನ್ ಬಿತ್ತು. ತಪ್ಪಿಸಿಕೊಂಡ ಹಡಗುಗಳ ಜೊತೆ ಇದೂ ಫಿಲಿಪ್ಪೀನ್ಸ್ ಸೇರಿತು. ಮುಂದಿನ ವರ್ಷ ಆ ದೇಶದ್ದೇ ಆಯಿತು.

ಇಲ್ಲಿನ ಹಲವು ದಿಬ್ಬಗಳನ್ನು ಚೀನಾವೂ ತನ್ನದೆನ್ನುತ್ತದೆ, ಫಿಲಿಪ್ಪೀನ್ಸೂ ತನ್ನದೆನ್ನುತ್ತದೆ. ಈಗಿನ ತಂಟೆ ಶುರುವಾಗುವುದು 1995ರಲ್ಲಿ. ಮಿಸ್‌ಚೀಫ್ ಎಂಬ ಹವಳದ ದಿಬ್ಬದ ಮೇಲೆ ಚೀನಾ ಕಟ್ಟಡಗಳನ್ನು ಎಬ್ಬಿಸಿದ್ದು ಬೆಳಕಿಗೆ ಬಂತು. ಮೀನುಗಾರರಿಗೆ ಆಸರೆ ಅಂದಿತು ಚೀನಾ. ಅಲ್ಲಿಂದ 40 ಕಿಲೋಮೀಟರ್ ಒಳಗೇ ಇರುವ ಇನ್ನೊಂದು ದಿಬ್ಬ ಅಯುಂಗಿನ್. ಅದು ಫಿಲಿಪ್ಪೀನ್ಸಿನ ಪಲಾವಾನ್ ದ್ವೀಪದಿಂದ ಸುಮಾರು 195 ಕಿಲೋಮೀಟರ್. ಮುಂದಿನ ಸರದಿ ಅದರದ್ದು ಅಂತ ಮನಿಲಾಗೆ, ಅಂದರೆ ಫಿಲಿಪ್ಪೀನ್ಸ್ ಸರ್ಕಾರಕ್ಕೆ, ಅನ್ನಿಸಿರಬೇಕು. ಹೊಸ ಹಡಗು ಕೊಳ್ಳುವಷ್ಟು ದುಡ್ಡಿಲ್ಲ. 1999ರ ಮೇನಲ್ಲಿ ಸಿಯೆರಾ ಮಾದ್ರೆಯನ್ನು ತಂದು ಬೇಕೆಂದೇ ಆ ದಿಬ್ಬದ ಮೇಲೆ ಹತ್ತಿಸಿದರು. ತಕರಾರಿನ ಸೈಟಿನಲ್ಲಿ ಹಳೇ ಲಾರಿ ತಂದು ನಿಲ್ಲಿಸಿ, ಅದರಲ್ಲಿ ಇಬ್ಬರನ್ನು ಮಲಗಿಸುತ್ತಾರಲ್ವಾ, ಹಾಗೆ.

ಹಡಗು ಕೆಟ್ಟಿದೆ ಅಂತ ನೆಪ ಹೇಳಿದರು, ಎಳೆದೊಯ್ಯುತ್ತೇವೆ ಅಂತ ಮಾತೂ ಕೊಟ್ಟರು ಎನ್ನುತ್ತದೆ ಚೀನಾ. ಅಂಥ ಮಾತೇ ಕೊಟ್ಟಿಲ್ಲ ಎನ್ನುತ್ತದೆ ಈಗಿನ ಮನಿಲಾ. ಇದಕ್ಕಿಂತ ನನಗೆ ಕುತೂಹಲ ಅನ್ನಿಸಿದ್ದು ಅದೇ ವರ್ಷದ ಇನ್ನೊಂದು ಘಟನೆ. ನವೆಂಬರಿನಲ್ಲಿ ‘ಬೆಂಗೆಟ್’ ಎಂಬ ಫಿಲಿಪ್ಪೀನ್ಸಿನ ಮತ್ತೊಂದು ಎಲ್‌ಎಸ್‌ಟಿ ಅಂಥದ್ದೇ ತಕರಾರಿನ ಸ್ಕಾರ್ಬರೋ ದಿಬ್ಬದಲ್ಲಿ ಕೂತಿತು. ಚೀನಾ ಆಕ್ಷೇಪಿಸಿದ ಮೇಲೆ ಅದನ್ನು ಎಳೆದು ತಂದರು. 2012ರಿಂದ ಸ್ಕಾರ್ಬರೋ ಚೀನಾದ ಹಿಡಿತದಲ್ಲಿದೆ. ಅಯುಂಗಿನ್‌ನಲ್ಲಿ ಇವತ್ತಿಗೂ ಫಿಲಿಪ್ಪೀನ್ಸಿನ ಸೈನಿಕರಿದ್ದಾರೆ, ಬೆರಳೆಣಿಕೆಯಷ್ಟು ಜನ. ತೂತು ಬಿದ್ದ ಡೆಕ್ಕಿನ ಮೇಲೆ ಹಲಗೆ ಹಾಸಿಕೊಂಡು ಓಡಾಡುತ್ತಾರೆ.

ಇಷ್ಟು ಜೀರ್ಣವಾದರೂ ಫಿಲಿಪ್ಪೀನ್ಸ್ ಇದರ ಹೆಸರನ್ನು ನೌಕಾಪಡೆಯ ಪಟ್ಟಿಯಿಂದ ತೆಗೆದಿಲ್ಲ. ಸುಮ್ನೆ ಅಲ್ಲ. 1951ರಲ್ಲಿ ಅಮೆರಿಕದ ಜೊತೆ ಮಾಡಿಕೊಂಡ ರಕ್ಷಣಾ ಒಪ್ಪಂದದಲ್ಲಿ ಸರ್ಕಾರಿ ಹಡಗಿನ ಮೇಲಿನ ದಾಳಿಯೂ ಸೇರಿದೆ. ಪಟ್ಟಿಯಲ್ಲಿದ್ದರೆ ಅದು ಯುದ್ಧನೌಕೆ, ಇಲ್ಲದಿದ್ದರೆ ಗುಜರಿ. ಪಹಣಿಯಲ್ಲಿ ಹೆಸರು ಉಳಿಸಿಕೊಳ್ಳುವ ಬೆಲೆ ನಮ್ಮ ಹಳ್ಳಿಯವರಿಗೆ ಯಾರೂ ಹೇಳಿಕೊಡಬೇಕಿಲ್ಲ.

2016ರಲ್ಲಿ ಅಂತರರಾಷ್ಟ್ರೀಯ ನ್ಯಾಯಮಂಡಳಿಯೊಂದು ಅಯುಂಗಿನ್ ದಿಬ್ಬ ಫಿಲಿಪ್ಪೀನ್ಸಿನ ಅನನ್ಯ ಆರ್ಥಿಕ ವಲಯಕ್ಕೆ, ಅಂದರೆ ಮೀನು, ತೈಲದಂಥ ಸಂಪತ್ತಿನ ಹಕ್ಕು ಆ ದೇಶಕ್ಕಷ್ಟೇ ಇರುವ ಸಮುದ್ರಕ್ಕೆ, ಸೇರಿದ್ದು ಅಂದಿತು. ಚೀನಾ ತೀರ್ಪನ್ನೇ ಒಪ್ಪಲಿಲ್ಲ. ಹಡಗಿನ ಸುತ್ತ ನಡೆಯುತ್ತಿದ್ದ ಜಟಾಪಟಿ ಸೇನೆಯ ವಿಚಾರ, ತನ್ನ ವ್ಯಾಪ್ತಿಗೆ ಬರುವುದಿಲ್ಲ ಅಂತ ಮಂಡಳಿಯೂ ಕೈಬಿಟ್ಟಿತು. ಜನರಿಗೆ ಉತ್ತರ ಬೇಕಿದ್ದುದು ಅದಕ್ಕೇ.

ಹಾಗೆ ಉಳಿದುಕೊಂಡಿದ್ದು ಸಿಮೆಂಟಿನ ಪ್ರಶ್ನೆ. ಅನ್ನ ನೀರು ಕೊಂಡೊಯ್ಯಿರಿ, ಆದರೆ ಹಡಗು ಗಟ್ಟಿ ಮಾಡುವ ಸಾಮಾನು ಬೇಡ ಅನ್ನುತ್ತದೆ ಚೀನಾ. ರಿಪೇರಿ ಮಾಡದಿದ್ದರೆ ಉಪ್ಪುನೀರು ಒಂದಲ್ಲ ಒಂದು ದಿನ ಹಡಗನ್ನು ತಿಂದು ಮುಗಿಸುತ್ತದೆ, ಆಗ ಜಗಳವೇ ಇರುವುದಿಲ್ಲ. ಎರಡೂ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. 2024ರ ಜೂನ್ 17ರಂದು ದಿನಸಿ ದೋಣಿಗಳ ಹತ್ತಿರ ಚೀನಾದ ಕಾವಲು ಪಡೆಯವರು ಚಾಕು, ಕೊಡಲಿ ಹಿಡಿದು ಬಂದರು. ಒಬ್ಬ ಫಿಲಿಪ್ಪೀನೊ ನಾವಿಕ ಹೆಬ್ಬೆರಳು ಕಳೆದುಕೊಂಡ.

ಮರು ತಿಂಗಳೇ ಎರಡು ದೇಶಗಳೂ ಒಂದು ತಾತ್ಕಾಲಿಕ ಒಪ್ಪಂದಕ್ಕೆ ಬಂದವು. ಸಾಮಾನು ಸಾಗಿಸುವ ಮೊದಲು ನಮಗೆ ತಿಳಿಸಬೇಕು, ಅಲ್ಲೇ ಪರೀಕ್ಷೆಯೂ ಆಗಬೇಕು ಅಂತಿದೆ ಎಂದಿತು ಚೀನಾ. ಹಾಗೇನೂ ಇಲ್ಲ ಎಂದಿತು ಮನಿಲಾ. ಪೂರ್ತಿ ಒಪ್ಪಂದ ಏನೆಂದು ಇಬ್ಬರೂ ಹೊರಗೆ ಬಿಡಲಿಲ್ಲ. ಜುಲೈ 27ರಂದು ದಿನಸಿಯ ದೋಣಿ ಯಾರ ಅಡ್ಡಿಯೂ ಇಲ್ಲದೆ ಹಡಗಿನ ಪಕ್ಕಕ್ಕೆ ಹೋಗಿ ನಿಂತಿತು.